ಮಗುವನ್ನು ಒಂದನೇ ತರಗತಿಗೆ ಸೇರಿಸುವ ಮುನ್ನ



ಬಮ್ಮಿಗಟ್ಟಿಯಲ್ಲಿ ಒಂದು ಮುಂಜಾನೆ ಹಾಲು ಹಾಕಿ ನಿಂತಿದ್ದ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದರು. “ಡಾಕ್ಟರ್ ಸಾಹೇಬ್ರ, ಮಗನ್ನ ಈ ವರ್ಷ ಸಾಲಿಗೆ ಹಚ್ಚಬೇಕ್ರಿ. ಮೂರು ತಿಂಗಳು ಕಮ್ಮಿ ಬೀಳ್ತಾವು. ಹುಟ್ಟಿದ ತಾರೀಖು ಒಂದೀಟು ಹಿಂದ ಬರೆಸಿದ್ರ ನಡೀತೈತೇನ್ರಿ?” ಎಂದು ಕೇಳಿದರು.

ತಮ್ಮ ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸಿದ ತಾರೀಖನ್ನು ಇದೇ ಸದಸ್ಯರು ಒಂದು ದಿನವೂ ತಪ್ಪದಂತೆ ಹೇಳುತ್ತಾರೆ. ಅದು ತಪ್ಪಿದರೆ ಆಕಳು ಈಯುವ ದಿನದ ಲೆಕ್ಕವಷ್ಟೇ ತಪ್ಪುತ್ತದೆ. ಮಗುವಿನ ಜನ್ಮ ದಿನಾಂಕ ತಪ್ಪಿದರೆ ತೊಂದರೆ ಜೀವನಪೂರ್ತಿ. ಶಾಲೆಯ ದಾಖಲಾತಿ ವಹಿಯಲ್ಲಿ ಬರೆದ ದಿನಾಂಕವೇ ವರ್ಗಾವಣೆ ಪತ್ರಕ್ಕೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ, ನಾಳೆ ನೌಕರಿಗೆ ಹೋಗುತ್ತದೆ. ಆಮೇಲೆ ತಿದ್ದಿಸಲು ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ.

ವಯಸ್ಸು: ಒಂದನೇ ತರಗತಿಗೆ ಸೇರಲು ಆ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿದೆ. 2025-26ನೇ ಸಾಲಿಗೆ ಮಾತ್ರ, ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕೆಂದು ಸಡಿಲಿಕೆ ಕೊಡಲಾಗಿತ್ತು. ಅಂಥ ಸಡಿಲಿಕೆ ಮತ್ತೆ ಸಿಗುವುದೆಂದು ನಂಬಿ ಕೂಡಬೇಡಿ. ವಯಸ್ಸು ಕಡಿಮೆ ಇದ್ದರೆ ಮಗು ಇನ್ನೊಂದು ವರ್ಷ ಅಂಗನವಾಡಿಯಲ್ಲಿ ಕಲಿಯಲಿ. ಅದರಿಂದ ನಷ್ಟವೇನೂ ಇಲ್ಲ.

ಕಾಗದಪತ್ರ:

1. ಜನನ ಪ್ರಮಾಣ ಪತ್ರವೇ ಮುಖ್ಯ. ಅದರಲ್ಲಿ ಮಗುವಿನ ಹೆಸರು ಇದೆಯೇ ನೋಡಿಕೊಳ್ಳಿ. ನಾಮಕರಣಕ್ಕೆ ಮುಂಚೆ ನೋಂದಣಿಯಾದ ಪತ್ರಗಳಲ್ಲಿ ಹೆಸರಿನ ಜಾಗ ಖಾಲಿ ಇರುವುದುಂಟು. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ನಂತರ 15 ವರ್ಷದವರೆಗೆ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು.

2. ತಂದೆ, ತಾಯಿ ಮತ್ತು ಮಗುವಿನ ಹೆಸರಿನ ಅಕ್ಷರಗಳು ಎಲ್ಲ ಕಾಗದಗಳಲ್ಲೂ ಒಂದೇ ರೀತಿ ಇರಲಿ.

3. ಜಾತಿ, ಆದಾಯ ಪ್ರಮಾಣ ಪತ್ರಗಳು ವಿದ್ಯಾರ್ಥಿ ವೇತನಕ್ಕೆ ಬೇಕಾಗುತ್ತವೆ. ಇವುಗಳಿಗೆ ನಾಡ ಕಚೇರಿಯಲ್ಲಿ ಮೊದಲೇ ಅರ್ಜಿ ಕೊಡಿ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಜನ್ಮ ದಿನಾಂಕಕ್ಕೆ ಜನನ ಪ್ರಮಾಣ ಪತ್ರವೊಂದೇ ಆಧಾರ. ಆದ್ದರಿಂದ ಮನೆಯಲ್ಲಿ ಕೂಸು ಹುಟ್ಟಿದರೆ 21 ದಿನದೊಳಗೆ ನೋಂದಣಿ ಮಾಡಿಸಿ.

ಶಾಲೆ ಮಾಡುವಂತಿಲ್ಲದ್ದು: 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪಾಲಕರ ಬೆನ್ನಿಗಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಮಗುವಿಗೆ ಪರೀಕ್ಷೆ, ಪಾಲಕರಿಗೆ ಸಂದರ್ಶನ, ವಂತಿಗೆ ಇವು ಮೂರೂ ನಿಷಿದ್ಧ. ದುಡಿಯಲು ಬೇರೆ ಊರಿಗೆ ಹೋಗಿ ಬಂದವರ ಮಗುವಿನ ವರ್ಗಾವಣೆ ಪತ್ರ ತಡವಾದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು. ಆಧಾರ್ ಇಲ್ಲದ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ತೊಂದರೆಯಾದರೆ ಕಲಘಟಗಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಷ್ಟೆಲ್ಲ ಹೇಳಿದಾಗ ಆ ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಬರೋ ವರ್ಷನ ಹಚ್ಚತೇನ್ರಿ” ಎಂದರು. ಒಳ್ಳೆಯ ನಿರ್ಧಾರ. ಹಾಲು ಉತ್ಪಾದಕರ ಹಾಲಿನಿಂದ ತಯಾರಾದ ಪುಡಿಯೇ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರ ಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿ ಹಾಲಾಗಿ ಸಿಗುತ್ತಿದೆ. ನಿಮ್ಮ ಮಗುವೂ ಸರಿಯಾದ ವಯಸ್ಸಿಗೆ, ಸರಿಯಾದ ದಿನಾಂಕದೊಂದಿಗೆ ಆ ಸಾಲಿನಲ್ಲಿ ಕೂಡಲಿ.