ಫೈಲ್‌ನ ಬಾಲ ನೋಡಿ, ಆಮೇಲೆ ಕ್ಲಿಕ್ ಮಾಡಿ

ಲ್ಯಾಬ್ ಇಂಟರ್ನಲ್ಸ್‌ನ ಹಿಂದಿನ ದಿನ ರೆಕಾರ್ಡ್ ಪ್ರಿಂಟ್ ತೆಗೆಸೋಕೆ ಪೆನ್‌ಡ್ರೈವ್ ಹಿಡ್ಕೊಂಡು ಜೆರಾಕ್ಸ್ ಅಂಗಡಿಗೆ ಹೋಗಿದ್ವಿ. ರೂಮಿಗೆ ಬಂದು ಅದನ್ನ ಲ್ಯಾಪ್‌ಟಾಪ್‌ಗೆ ಹಾಕಿ, ನಮ್ಮ ಮಿನಿ ಪ್ರಾಜೆಕ್ಟ್ ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿದ್ವಿ. ಓಪನ್ ಆಗ್ಲಿಲ್ಲ. ನಮ್ಮ ಲ್ಯಾಪ್‌ಟಾಪ್‌ದೇ ಪ್ರಾಬ್ಲಮ್ ಅಂದ್ಕೊಂಡು ಪಕ್ಕದ ರೂಮಿನ ಗೆಳೆಯನ ಲ್ಯಾಪ್‌ಟಾಪ್‌ಗೂ ಹಾಕಿದ್ವಿ. ಅವನದ್ದೂ ಹೋಯ್ತು! ಪಾಪ, ಅವನ ತಪ್ಪೇನೂ ಇರ್ಲಿಲ್ಲ. ಆಮೇಲೆ ಗೊತ್ತಾಯ್ತು, ನಾವು ಕ್ಲಿಕ್ ಮಾಡಿದ್ದು ಫೋಲ್ಡರ್ ಅಲ್ಲ, ಫೋಲ್ಡರ್‌ನ ಐಕಾನ್ ಹಾಕ್ಕೊಂಡಿದ್ದ ಒಂದು ಪ್ರೋಗ್ರಾಮ್. ನಿಜವಾದ ಫೋಲ್ಡರ್ ಅದೇ ಪೆನ್‌ಡ್ರೈವ್‌ನಲ್ಲಿ ಹಿಡನ್ ಆಗಿ ಕೂತಿತ್ತು.

ಫೈಲ್ ಹೆಸರಿನ ಕೊನೆಯ ಚುಕ್ಕೆ ಆದ್ಮೇಲೆ ಬರೋ ಅಕ್ಷರಗಳನ್ನ ಎಕ್ಸ್‌ಟೆನ್ಷನ್ ಅಂತೀವಿ. ಅದನ್ನ ನೋಡಿಯೇ ವಿಂಡೋಸ್ ಯಾವ ಫೈಲನ್ನ ಹೇಗೆ ತೆರೀಬೇಕು ಅಂತ ತೀರ್ಮಾನಿಸುತ್ತೆ. 'ಪಿಡಿಎಫ್' ಇದ್ರೆ ಓದೋ ಸಾಫ್ಟ್‌ವೇರ್‌ಗೆ ಕೊಡುತ್ತೆ; 'ಇಎಕ್ಸ್‌ಇ' ಇದ್ರೆ ನೇರವಾಗಿ ರನ್ ಮಾಡುತ್ತೆ. ಆದ್ರೆ ತನಗೆ ಗೊತ್ತಿರೋ ಎಕ್ಸ್‌ಟೆನ್ಷನ್‌ಗಳನ್ನ ವಿಂಡೋಸ್ ಡೀಫಾಲ್ಟ್ ಆಗಿ ನಮಗೆ ತೋರಿಸೋದೇ ಇಲ್ಲ. ಹಾಗಾಗಿ 'ನೋಟ್ಸ್.ಪಿಡಿಎಫ್.ಇಎಕ್ಸ್‌ಇ' ಅನ್ನೋ ಫೈಲ್ ನಮ್ಮ ಕಣ್ಣಿಗೆ 'ನೋಟ್ಸ್.ಪಿಡಿಎಫ್' ಆಗಿ ಕಾಣುತ್ತೆ. ಐಕಾನ್ ನಂಬೋ ಹಾಗೂ ಇಲ್ಲ. ಇಎಕ್ಸ್‌ಇ ಫೈಲ್‌ಗೆ ಬೇಕಾದ ಐಕಾನ್ ಅಂಟಿಸಬಹುದು.

ಈ ಮೋಸ ಹೊಸದೇನಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವರ್ಮ್ ಇಮೇಲ್ ಮೂಲಕ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹರಡಿತು. ಅಟ್ಯಾಚ್‌ಮೆಂಟ್ ನೋಡೋಕೆ ಟೆಕ್ಸ್ಟ್ ಫೈಲ್‌ನಂತಿದ್ದ ಪ್ರೇಮಪತ್ರ. ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ' ಆದ್ಮೇಲೆ 'ವಿಬಿಎಸ್' ಅಂತ ಇತ್ತು, ಅಂದ್ರೆ ಅದೊಂದು ಸ್ಕ್ರಿಪ್ಟ್. ತೆರೆದವರ ಫೋಟೋ ಫೈಲ್‌ಗಳ ಮೇಲೆ ತನ್ನನ್ನೇ ಬರೆದು, ಅಡ್ರೆಸ್ ಬುಕ್‌ನಲ್ಲಿದ್ದವರಿಗೆಲ್ಲ ತನ್ನ ಪ್ರತಿ ಕಳಿಸ್ತು.

ಸೆಟ್ಟಿಂಗ್ ಬದಲಿಸೋಕೆ ಅರ್ಧ ನಿಮಿಷ ಸಾಕು. ವಿಂಡೋಸ್ 11 ಆದ್ರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ವ್ಯೂ', ಅದರೊಳಗೆ 'ಶೋ', ಆಮೇಲೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಕ್ಲಿಕ್ ಮಾಡಿ. ವಿಂಡೋಸ್ 10ರಲ್ಲಿ 'ವ್ಯೂ' ಟ್ಯಾಬ್‌ನಲ್ಲೇ ಅದೇ ಹೆಸರಿನ ಚೆಕ್‌ಬಾಕ್ಸ್ ಇದೆ. ಮ್ಯಾಕ್ ಇರೋರು ಫೈಂಡರ್ ಸೆಟ್ಟಿಂಗ್ಸ್‌ನ 'ಅಡ್ವಾನ್ಸ್ಡ್' ನೋಡಿ.

ಇನ್ನು ಎರಡು ವಿಷಯ. ರೀನೇಮ್ ಮಾಡುವಾಗ ಎಕ್ಸ್‌ಟೆನ್ಷನ್ ಅಳಿಸಬೇಡಿ, ಫೈಲ್ ಸರಿಯಾಗಿ ತೆರೆಯಲ್ಲ. ಮತ್ತೆ, ಈ ಸೆಟ್ಟಿಂಗ್ ಆ್ಯಂಟಿವೈರಸ್ ಅಲ್ಲ. ಶಾರ್ಟ್‌ಕಟ್ ಫೈಲ್‌ಗಳ 'ಎಲ್ಎನ್‌ಕೆ' ಎಕ್ಸ್‌ಟೆನ್ಷನ್ ಆಮೇಲೂ ಕಾಣಲ್ಲ. ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇದ್ಯಾ ನೋಡ್ಕೊಳ್ಳಿ, 'ಟೈಪ್' ಕಾಲಮ್ ಓದಿ.

ಕ್ಲಾಸ್ ಗ್ರೂಪ್‌ನಲ್ಲಿ ಬರೋ ಕ್ವೆಶ್ಚನ್ ಬ್ಯಾಂಕ್‌ಗೂ ಇದೇ ನಿಯಮ. ನಮ್ಮ ರೆಕಾರ್ಡ್ ಹೇಗೋ ಬೆಳಗಿನ ಜಾವ ರೆಡಿಯಾಯ್ತು. ಗೆಳೆಯನ ಲ್ಯಾಪ್‌ಟಾಪ್ ಸರಿ ಮಾಡೋಕೆ ಮಾತ್ರ ಒಂದು ಭಾನುವಾರ ಪೂರ್ತಿ ಹೋಯ್ತು. ನಿಮ್ಮ ಭಾನುವಾರ ಉಳಿಸ್ಕೊಳ್ಳಿ.