ಹಿತ್ತಲ ಹಸಿರಿನಿಂದ ಕ್ರಿಸ್‌ಮಸ್ ಚಕ್ರ

ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ? ಜರ್ಮನಿಯ ಹ್ಯಾಂಬರ್ಗ್ ನಗರದ ‘ರೌಹೆಸ್ ಹೌಸ್’ ಎಂಬ ಆಶ್ರಮದ ಮಕ್ಕಳು ಡಿಸೆಂಬರ್ ಬಂತೆಂದರೆ ಇದೊಂದೇ ಪ್ರಶ್ನೆ ಕೇಳುತ್ತಿದ್ದರಂತೆ. ಬಡ ಮಕ್ಕಳಿಗಾಗಿ 1833ರಲ್ಲಿ ಈ ಆಶ್ರಮ ತೆರೆದ ಯೋಹಾನ್ ಹಿನ್ರಿಶ್ ವಿಶರ್ನ್ 1839ರಲ್ಲಿ ಅದಕ್ಕೊಂದು ಉತ್ತರ ಕಂಡುಕೊಂಡರು. ಮರದ ದೊಡ್ಡ ಚಕ್ರವೊಂದರ ಮೇಲೆ ಮೇಣದ ಬತ್ತಿಗಳನ್ನು ಸಾಲಾಗಿ ನಿಲ್ಲಿಸಿದರು. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದರಂತೆ ಹಚ್ಚುತ್ತ ಹೋದರೆ ಉಳಿದ ದಿನಗಳನ್ನು ಮಕ್ಕಳೇ ಎಣಿಸಿಕೊಳ್ಳಬಹುದಿತ್ತು.

1860ರ ಸುಮಾರಿಗೆ ಆ ಚಕ್ರಕ್ಕೆ ಹಸಿರು ಕೊಂಬೆಗಳ ಅಲಂಕಾರ ಬಂತು. ಮುಂದೆ ಬತ್ತಿಗಳ ಸಂಖ್ಯೆ ನಾಲ್ಕು ಭಾನುವಾರಗಳ ನಾಲ್ಕಕ್ಕೆ ಇಳಿದು, ಅದು ಮನೆಮನೆಯ ಮೇಜಿನ ಮೇಲೂ ಕೂರುವಷ್ಟು ಚಿಕ್ಕದಾಯಿತು. ಇಂದು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಕರ್ನಾಟಕದ ಚರ್ಚುಗಳಲ್ಲೂ ಇಂಥ ಚಕ್ರ ಕಾಣಸಿಗುತ್ತದೆ. ಬತ್ತಿಯಿಲ್ಲದೆ ಬಾಗಿಲಿಗೆ ತೂಗುಹಾಕುವ ಹಸಿರು ಚಕ್ರವೂ ಇದರ ಬಳಗದ್ದೇ.

ಇಲ್ಲೊಂದು ಲೆಕ್ಕವಿದೆ. ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಅಲ್ಲಿಂದ ಡಿಸೆಂಬರ್ 24ರವರೆಗೆ ಕನಿಷ್ಠ 22, ಗರಿಷ್ಠ 28 ದಿನ. ವಿಶರ್ನ್ ಅವರ ರೀತಿಯಲ್ಲಿ ಚಕ್ರ ಮಾಡುವುದಾದರೆ ಈ ವರ್ಷ ಎಷ್ಟು ಕೆಂಪು ಬತ್ತಿ ಬೇಕು ಎಂಬುದನ್ನು ಮಕ್ಕಳು ಕ್ಯಾಲೆಂಡರ್ ನೋಡಿ ತಾವೇ ಹೇಳಬಲ್ಲರು.

ಫರ್ ಕೊಂಬೆಯೇ ಏಕೆ?

ಡಿಸೆಂಬರ್ ಕೊನೆಯಲ್ಲಿ ಹ್ಯಾಂಬರ್ಗ್‌ನಲ್ಲಿ ಹಗಲೆಂದರೆ ಸುಮಾರು ಏಳೂವರೆ ಗಂಟೆ ಮಾತ್ರ. ಅಗಲ ಎಲೆಯ ಮರಗಳು ಬಹುಪಾಲು ಬೋಳಾಗಿರುತ್ತವೆ. ಹಸಿರಾಗಿ ಉಳಿಯುವುದು ಫರ್, ಪೈನ್, ಹಾಲಿ, ಐವಿಯಂಥ ಕೆಲವೇ ಗಿಡಮರಗಳು. ಸುತ್ತ ಉಳಿದಿರುವ ಹಸಿರನ್ನು ಅಲ್ಲಿನವರು ಮನೆಯೊಳಕ್ಕೆ ತಂದರು. ಹಾಗಾಗಿ ಫರ್ ಕೊಂಬೆ ಅಲ್ಲಿಗೆ ಸಹಜ. ಇಲ್ಲಿ ಅದನ್ನೇ ಅನುಕರಿಸಲು ಪ್ಲಾಸ್ಟಿಕ್ ಎಲೆ ಕೊಳ್ಳಬೇಕಾಗಿಲ್ಲ. ತಮ್ಮ ಊರಲ್ಲಿ ಹಸಿರಾಗಿರುವುದನ್ನು ಆರಿಸಿಕೊಂಡರೆ ಸಾಕು.

ನಮ್ಮಲ್ಲಿ ಫರ್‌ನಂತೆ ಕಾಣುವುದು ಗಾಳಿಮರ. ಬಯಲುಸೀಮೆಯವರಿಗೆ ಇದು ಸರ್ವೆ ಮರ. ಇದೂ ಹೊರಗಿನಿಂದ ಬಂದದ್ದೇ. 1868ರಲ್ಲಿ ಉರುವಲಿಗೆಂದು ಕಾರವಾರದ ಕಡೆ ನೆಟ್ಟದ್ದು. ಅದರ ಸೂಜಿಗಳು ನಿಜವಾಗಿ ಎಲೆಗಳಲ್ಲ, ಹಸಿರು ಕಿರುಕಡ್ಡಿಗಳು. ಒಂದು ಕಡ್ಡಿಯನ್ನು ಗೆಣ್ಣಿನಲ್ಲಿ ಮುರಿದು ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ಹಲ್ಲಿನಂತೆ ಕಾಣುವ ಹುರುಪೆಗಳೇ ಅದರ ಎಲೆಗಳು. ಗಿಡ ಉಸಿರಾಡುವ ಪತ್ರರಂಧ್ರಗಳು ಕಡ್ಡಿಯ ಉದ್ದಕ್ಕೂ ಇರುವ ಗೀರುಗಳೊಳಗೆ ಅಡಗಿರುವುದರಿಂದ ನೀರು ಬೇಗ ಆರಿಹೋಗುವುದಿಲ್ಲ. ಹೀಗಾಗಿ ಕತ್ತರಿಸಿದ ಮೇಲೂ ಇದು ಕೆಲಕಾಲ ಬಾಡದು.

ಮಲೆನಾಡು, ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಸಿಲ್ವರ್ ಓಕ್ ಎಲೆ ಸಿಗುತ್ತದೆ; ಅದರ ಬೆಳ್ಳಗಿನ ಹಿಂಬದಿ ಹಸಿರಿನ ನಡುವೆ ಚೆನ್ನಾಗಿ ಒಪ್ಪುತ್ತದೆ. ಯುರೋಪಿನವರು ಹಾಲಿ ಗಿಡದ ಕೆಂಪು ಹಣ್ಣು ಸಿಕ್ಕಿಸುವ ಜಾಗಕ್ಕೆ ಇಲ್ಲಿ ಆಗಷ್ಟೇ ಮಾಗಿರುವ ಅರೇಬಿಕಾ ಕಾಫಿ ಹಣ್ಣಿನ ಗೊಂಚಲು ಸಿಕ್ಕಿಸಬಹುದು. ಪೇಟೆಯವರಿಗೆ ತೂಜಾ, ಮಾವಿನ ಎಲೆಗಳಿವೆ. ತೋರಣ ಕಟ್ಟಿ ಅಭ್ಯಾಸವಿರುವ ಮನೆಗೆ ಮಾವಿನೆಲೆ ಎಷ್ಟು ದಿನ ಬಾಳುತ್ತದೆಂದು ಹೇಳಿಕೊಡಬೇಕಿಲ್ಲ.

ಕಟ್ಟುವ ಬಗೆ

ಬೇಕಾಗುವುದು: ಒಂದು ಹಿಡಿ ಭತ್ತದ ಹುಲ್ಲು, ಗೋಣಿದಾರ, ಕತ್ತರಿ, ಒಂದು ಬಕೆಟ್ ನೀರು, ಹಸಿರು ಕೊಂಬೆಗಳು.

1. ಕೊಂಬೆಗಳನ್ನು ಹಿಂದಿನ ದಿನವೇ ಬೆಳಗಿನ ತಂಪಿನಲ್ಲಿ ಕತ್ತರಿಸಿ. ತುದಿಯನ್ನು ಓರೆಯಾಗಿ ಕೊಯ್ದು, ರಾತ್ರಿಯಿಡೀ ನೆರಳಿನಲ್ಲಿ ನೀರಿನ ಬಕೆಟ್‌ನಲ್ಲಿ ನಿಲ್ಲಿಸಿ. ಬೇರಿನ ಆಸರೆ ಕಳೆದುಕೊಂಡ ಕೊಂಬೆ ಆಗ ಕುಡಿದ ನೀರಿನಲ್ಲೇ ಮುಂದಿನ ದಿನಗಳನ್ನು ಕಳೆಯಬೇಕು.

2. ಹುಲ್ಲನ್ನು ತುಸು ತೇವ ಮಾಡಿ, ಕೊಡದ ಕೆಳಗಿಡುವ ಸಿಂಬೆಯಂತೆ ಸುತ್ತಿ, ಗೋಣಿದಾರದಿಂದ ಬಿಗಿಯಾಗಿ ಕಟ್ಟಿ. ಅಡ್ಡಗಲ 30 ಸೆಂ.ಮೀ. ಇರಲಿ. ಜರ್ಮನಿಯಲ್ಲೂ ಚಕ್ರಕ್ಕೆ ಇಂಥ ಹುಲ್ಲಿನ ಬಳೆಯನ್ನು ಬಳಸುವುದುಂಟು.

3. ಕೊಂಬೆಗಳನ್ನು 12ರಿಂದ 15 ಸೆಂ.ಮೀ. ಉದ್ದಕ್ಕೆ ತುಂಡರಿಸಿ, ಮೂರು ಮೂರು ಸೇರಿಸಿ ಚಿಕ್ಕ ಕಂತೆ ಮಾಡಿ. ಎಷ್ಟು ಕಂತೆ ಬೇಕು? 30ನ್ನು 3.14ರಿಂದ ಗುಣಿಸಿದರೆ ಸುತ್ತಳತೆ ಸುಮಾರು 94 ಸೆಂ.ಮೀ. ಐದೈದು ಸೆಂ.ಮೀ.ಗೆ ಒಂದು ಸಾಲೆಂದರೆ 19 ಸಾಲು. ಒಳಗೆ, ಮೇಲೆ, ಹೊರಗೆ ಎಂದು ಸಾಲಿಗೆ ಮೂರು ಕಂತೆ, ಒಟ್ಟು 57.

4. ದಾರವನ್ನು ಸಿಂಬೆಗೆ ಗಂಟು ಹಾಕಿ, ಮೊದಲ ಸಾಲನ್ನು ಇಟ್ಟು ಎರಡು ಸುತ್ತು ಬಿಗಿಯಿರಿ. ಮುಂದಿನ ಸಾಲಿನ ಎಲೆಗಳು ಹಿಂದಿನ ಸಾಲಿನ ಕಡ್ಡಿಗಳನ್ನು ಮುಚ್ಚಬೇಕು, ಮಾಡಿಗೆ ಹೆಂಚು ಹೊದಿಸಿದ ಹಾಗೆ. ಎಲ್ಲ ತುದಿಗಳೂ ಒಂದೇ ದಿಕ್ಕಿಗಿರಲಿ. ದಾರವನ್ನು ನಡುವೆ ಕತ್ತರಿಸಬೇಡಿ.

5. ಕೊನೆಯ ಸಾಲಿನ ಕಡ್ಡಿಗಳನ್ನು ಮೊದಲ ಸಾಲಿನ ಎಲೆಗಳಡಿ ತೂರಿಸಿ ಕಟ್ಟಿ. ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಕಾಣದಿದ್ದರೆ ಕೈಗೆ ಕೆಲಸ ಒಲಿದಿದೆ ಎಂದೇ ಅರ್ಥ. ಆದಿ ಅಂತ್ಯವಿಲ್ಲದ ಈ ವೃತ್ತವೇ ಕ್ರೈಸ್ತರಿಗೆ ದೇವರ ಶಾಶ್ವತ ಪ್ರೀತಿಯ ಗುರುತು.

ಎಚ್ಚರಿಕೆಯ ಮಾತು

ಕೆಂಪಗಿದೆಯೆಂದು ಗುಲಗಂಜಿಯನ್ನು ಎಂದೂ ಬಳಸಬಾರದು. ಅದರ ಬೀಜ ಜಗಿದರೆ ಪ್ರಾಣಕ್ಕೇ ಅಪಾಯ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಪುಟ್ಟ ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಹೆಸರು ಗೊತ್ತಿಲ್ಲದ ಗಿಡದ ಕಾಯಿ, ಎಲೆ ಒಳಗೆ ಬರದಿರುವುದೇ ಲೇಸು.

ಇನ್ನೊಂದು ಬೆಂಕಿಯ ವಿಚಾರ. ಗಾಳಿಮರವನ್ನು ಉರುವಲಿಗೆಂದೇ ನೆಟ್ಟಿದ್ದರೆಂಬುದು ನೆನಪಿರಲಿ. ಒಣಗಿದ ಅದರ ಕಡ್ಡಿಗೆ ಕಿಡಿ ತಾಗಿದರೆ ಸಾಕು. ಬತ್ತಿಗಳನ್ನು ಹಸಿರಿನ ಮೇಲೆ ನಿಲ್ಲಿಸದೆ, ಮರಳು ತುಂಬಿದ ಸ್ಟೀಲ್ ತಟ್ಟೆಯೊಂದರಲ್ಲಿ ಎಲೆಗಳಿಂದ ದೂರಕ್ಕಿಡಿ. ಹಿರಿಯರು ಎದುರಿಗಿದ್ದಾಗ ಮಾತ್ರ ಹಚ್ಚಿ, ಏಳುವ ಮುನ್ನ ಆರಿಸಿ. ಬಾಗಿಲಿಗೆ ತೂಗುವ ಚಕ್ರಕ್ಕಂತೂ ಬತ್ತಿ ಬೇಡವೇ ಬೇಡ.

ಉದ್ಯಾನದ ಅಥವಾ ರಸ್ತೆಬದಿಯ ಮರಕ್ಕೆ ಕೈ ಹಾಕುವುದು ಸಲ್ಲ. ಹಿತ್ತಲಿಲ್ಲದವರು ತೋಟವಿರುವ ನೆಂಟರನ್ನೋ ನೆರೆಯವರನ್ನೋ ಕೇಳಿ, ಗಿಡ ಸವರಿದಾಗ ಬಿದ್ದ ಕೊಂಬೆಗಳನ್ನು ತಂದುಕೊಳ್ಳಬಹುದು. ಒಂದು ಚಕ್ರಕ್ಕೆ ಒಂದೆರಡು ತೋಳು ತುಂಬುವಷ್ಟು ಹಸಿರು ಸಾಕು.

ಬಾಡುವುದೂ ಒಂದು ಪಾಠ

ಚಕ್ರವನ್ನು ಬಿಸಿಲು ಬೀಳದ ಕಡೆ ಇಟ್ಟು ದಿನಕ್ಕೊಮ್ಮೆ ನೀರು ಚಿಮುಕಿಸಬೇಕು. ಆದರೂ ಎಲೆ ಬಾಡಿಯೇ ಬಾಡುತ್ತದೆ. ಹಬ್ಬದ ದಿನಕ್ಕಷ್ಟೇ ಬೇಕಾದವರು ಡಿಸೆಂಬರ್ 22 ಅಥವಾ 23ರಂದು ಕಟ್ಟುವುದು ಒಳ್ಳೆಯದು. ಆಗಮನ ಕಾಲದುದ್ದಕ್ಕೂ ಇಡುವವರು ಸಿಂಬೆಯನ್ನು ಉಳಿಸಿಕೊಂಡು ವಾರಕ್ಕೊಮ್ಮೆ, ಎಲೆ ಮೊದಲೇ ಒಣಗಿದರೆ ಆಗಲೇ, ಹೊಸ ಹಸಿರು ಕಟ್ಟಬೇಕಾಗುತ್ತದೆ.

ಪ್ಲಾಸ್ಟಿಕ್ ಚಕ್ರಕ್ಕೆ ಈ ರಗಳೆಯಿಲ್ಲ. ವರ್ಷವಿಡೀ ಅಟ್ಟದಲ್ಲಿದ್ದು ಡಿಸೆಂಬರ್‌ನಲ್ಲಿ ಇಳಿದು ಬರುತ್ತದೆ. ಆದರೆ ದಿನ ಎಣಿಸಲು ಕಲಿಸುವುದಕ್ಕೆಂದೇ ಹುಟ್ಟಿದ ವಸ್ತು ಇದು. ನಾಲ್ಕು ವಾರ ನೀರು ಚಿಮುಕಿಸಿ, ಒಣಗಿದ್ದನ್ನು ತೆಗೆದು, ಹಸಿರನ್ನು ಮತ್ತೆ ಕಟ್ಟಿದ ಮಗುವಿಗೆ ಕಾಯುವುದೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಹಬ್ಬ ಮುಗಿದು ಜನವರಿ 6ರ ನಂತರ ಹುಲ್ಲು, ದಾರ, ಎಲೆ ಎಲ್ಲವನ್ನೂ ತಿಪ್ಪೆಗೆ ಹಾಕಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಗಿಡಗಳಿಗೆ ಗೊಬ್ಬರ.