ಮರೆವಿನ ಸಂಶೋಧನೆಯಲ್ಲಿ ಹಲಗೂರಿನ ಪಾಲು

ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಒಟ್ಟು ಸುಮಾರು 88 ಲಕ್ಷ ಜನ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಪಟ್ಟಣಗಳಲ್ಲಿ ಪ್ರಮಾಣ 5.3, ಹಳ್ಳಿಗಳಲ್ಲಿ 8.4, ಗಂಡಸರಲ್ಲಿ 5.8, ಹೆಂಗಸರಲ್ಲಿ 9. ಮರೆವಿನ ಕಾಯಿಲೆ ಎಂದರೆ ಬೆಂಗಳೂರಿನ ನಿವೃತ್ತ ಅಧಿಕಾರಿಗಳ ಸಂಗತಿ ಎಂದುಕೊಂಡವರು ಈ ಅಂಕಿಗಳನ್ನು ಎರಡು ಸಲ ಓದಬೇಕು. ಮಳವಳ್ಳಿ ತಾಲ್ಲೂಕಿನ ಹಲಗೂರು ಹೋಬಳಿಯಂಥ ಕಡೆ, ಹೊಲದಲ್ಲೂ ರೇಷ್ಮೆ ಮನೆಯಲ್ಲೂ ದುಡಿದು ಹಣ್ಣಾದ ಹೆಣ್ಣುಮಕ್ಕಳ ಮೇಲೆಯೇ ಇದರ ಭಾರ ಹೆಚ್ಚು. ಸಂಶೋಧನೆಯ ನಕ್ಷೆ ಮಾತ್ರ ತಲೆಕೆಳಗಾಗಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಜಗತ್ತಿನ ರೋಗಿಗಳಲ್ಲಿ ಮೂರನೇ ಎರಡರಷ್ಟು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿದ್ದರೂ ಅವರ ಪಾಲಿಗೆ ಬಂದದ್ದು ಜನಸಮುದಾಯ ಆಧಾರಿತ ಅಧ್ಯಯನಗಳ ಹತ್ತನೇ ಒಂದಂಶಕ್ಕೂ ಕಡಿಮೆ. 1998ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ತಂಡವೊಂದು ಈ ಕೊರತೆಯನ್ನೇ ನೆನಪಿಸುವಂತೆ ‘10/66’ ಎಂದು ಹೆಸರಿಟ್ಟುಕೊಂಡಿತು. ಈ ಅಂತರ ಕಡಿಮೆಯಾಗಬೇಕಾದರೆ ಸಂಶೋಧಕರು ಹಳ್ಳಿಗೆ ಹೋದರಷ್ಟೇ ಸಾಲದು. ಸಂಶೋಧನೆ ಎಂದರೇನು, ಅದರಲ್ಲಿ ತಮ್ಮ ಕೆಲಸವೇನು, ತಮ್ಮ ಹಕ್ಕೇನು ಎಂಬುದು ಅವರು ಬರುವ ಮೊದಲೇ ಊರಿಗೆ ತಿಳಿದಿರಬೇಕು.

ನಮ್ಮವರೇ ಏಕೆ ಬೇಕು, ಅಮೆರಿಕದಲ್ಲಿ ಕಂಡುಹಿಡಿದ ಔಷಧಿ ಇಲ್ಲಿಗೂ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಔಷಧಿಯ ಮಾತು ಹಾಗಿರಲಿ, ಕಾಯಿಲೆಯನ್ನು ಗುರುತಿಸುವ ಪರೀಕ್ಷೆಯನ್ನೇ ನೋಡಿ. ಹತ್ತು ಪದಗಳನ್ನು ಮೂರು ಸಲ ಓದಿ ಹೇಳುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ನೆನಪಿರುವಷ್ಟನ್ನು ಹೇಳಿ ಎನ್ನುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆಂದು ಎಣಿಸುತ್ತಾರೆ. ಇದರಲ್ಲಿ ದನ, ಕುರಿ, ಮೇಕೆಗಳ ನಡುವೆ ಬಾಳಿದ ಅಜ್ಜಿ ಮೇಷ್ಟರನ್ನೂ ಮೀರಿಸಬಹುದು. ಆದರೆ ಒಂದರೊಳಗೊಂದು ಸೇರಿಕೊಂಡ ಐದು ಮೂಲೆಯ ಎರಡು ಆಕೃತಿಗಳನ್ನು ತೋರಿಸಿ ‘ಇದನ್ನು ಬರೆಯಿರಿ’ ಎಂದರೆ, ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಅದೇ ಅಜ್ಜಿ ತಪ್ಪುತ್ತಾರೆ. ಶಾಲೆಯ ಕೊರತೆ ಅಲ್ಲಿ ಮಿದುಳಿನ ಕೊರತೆಯಾಗಿ ದಾಖಲಾಗುತ್ತದೆ. ಅದಕ್ಕೇ 10/66ರ ಪರೀಕ್ಷೆಗಳನ್ನು ಮೈಸೂರಿನಲ್ಲಿ ಕನ್ನಡಕ್ಕೆ ಒಗ್ಗಿಸಿ ಪರಿಶೀಲಿಸಬೇಕಾಯಿತು. ಪರೀಕ್ಷೆಯಷ್ಟೇ ಅಲ್ಲ, ಇಲ್ಲಿನ ಜನರಿಂದ ತಿಳಿಯಬಹುದಾದ ಸಂಗತಿಗಳೂ ಇವೆ. ಅದೇ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಆ ಕೂಸುಗಳನ್ನು ಇಳಿವಯಸ್ಸಿನಲ್ಲಿ ಹುಡುಕಿ ನೆನಪಿನ ಶಕ್ತಿಯನ್ನು ಅಳೆದ ಅಧ್ಯಯನ ಅಲ್ಲೇ ನಡೆಯಿತು. ಇನ್ನು 2013ರ ಹೈದರಾಬಾದಿನ ಅಧ್ಯಯನ: 648 ರೋಗಿಗಳಲ್ಲಿ ಎರಡು ಭಾಷೆ ಬಲ್ಲವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಬಾರದವರಲ್ಲೂ ತಡವಾಗಿತ್ತು. ಎರಡು ಭಾಷೆ ಆಡುವವರು ಹೆಚ್ಚಾಗಿ ವಲಸಿಗರೇ ಆಗಿರುವ ಪಶ್ಚಿಮದಲ್ಲಿ ಇದನ್ನು ಬಿಡಿಸಿ ನೋಡುವುದು ಸುಲಭವಿರಲಿಲ್ಲ.

ಕರ್ನಾಟಕದಲ್ಲಿ ಇದಕ್ಕೊಂದು ದಾರಿ ಆಗಲೇ ಬಿದ್ದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಡೆಸುತ್ತಿರುವ ಅಧ್ಯಯನದ ಗುರಿ 45 ದಾಟಿದ ಹತ್ತು ಸಾವಿರ ಗ್ರಾಮಸ್ಥರು. ಸೇರುವಾಗ ಅವರೆಲ್ಲ ಡಿಮೆನ್ಷಿಯಾ ಇಲ್ಲದವರು. ರಕ್ತ, ಬಿಪಿ, ಕಣ್ಣು, ನೆನಪು, ಎಂಆರ್‌ಐ ಎಂದು ವರ್ಷಗಟ್ಟಲೆ ನೋಡುತ್ತಾ ಹೋದರೆ ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ, ಏಕೆ ಎಂದು ತಿಳಿಯುತ್ತದೆ. ಜನಕ್ಕೆ ಮೊದಲು ಹೇಳಬೇಕಾದದ್ದು ಇದನ್ನೇ. ಕಬ್ಬು ಕಡಿಯಲು ಹೋಗುವ ಗಟ್ಟಿಮುಟ್ಟಾದ ಐವತ್ತರ ಆಳೂ ಈ ಸಂಶೋಧನೆಗೆ ಬೇಕಾದವನು. ಹೇಳುವ ಜಾಗವೂ ಮುಖ್ಯ. ವಿಶ್ವ ಆಲ್ಝೈಮರ್ಸ್ ದಿನವೆಂದು ಸೆಪ್ಟೆಂಬರ್ 21ರಂದು ನಗರದಲ್ಲಿ ಮಾಡುವ ಜಾಥಾದ ಸದ್ದು ಹಲಗೂರಿಗೆ ಕೇಳಿಸದು. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಹೊತ್ತು, ಸ್ತ್ರೀಶಕ್ತಿ ಸಂಘದ ವಾರದ ಸಭೆ, ಆಶಾ ಕಾರ್ಯಕರ್ತೆ ಬಿಪಿ ವಿಚಾರಿಸಲು ಬಂದ ಜಗುಲಿ: ಮಾತು ಇಳಿಯುವುದು ಅಲ್ಲಿ. ಆಶಾಗೆ ಇದನ್ನೂ ಪುಕ್ಕಟೆಯಾಗಿ ಹೊರಿಸುವ ಯೋಚನೆ ಮಾತ್ರ ಬೇಡ.

ವಾಸಿಯಾಗದ ಕಾಯಿಲೆಗೆ ಸಂಶೋಧನೆ ಕಟ್ಟಿಕೊಂಡು ನಮಗೇನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಭಾಗವಹಿಸಿದವರ ನೆನಪು ಉಳಿಯುತ್ತದೆ ಎಂದು ಆಸೆ ಹುಟ್ಟಿಸುವುದು ಮೋಸ. ಆದರೆ 2024ರ ಲ್ಯಾನ್ಸೆಟ್ ಆಯೋಗದ ಪ್ರಕಾರ ಬಿಪಿ, ಸಕ್ಕರೆ, ಕಿವುಡು, ದೃಷ್ಟಿದೋಷ, ಧೂಮಪಾನ, ಒಂಟಿತನ ಸೇರಿದಂತೆ ಹದಿನಾಲ್ಕು ಕಾರಣಗಳನ್ನು ಸರಿಪಡಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು. ಇವುಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಯಾವುದರ ಪೆಟ್ಟು ಹೆಚ್ಚು ಎಂಬುದನ್ನು ಹಳ್ಳಿಯವರೇ ಅಧ್ಯಯನಕ್ಕೆ ಸಿಕ್ಕದೆ ಹೇಳಲಾಗದು.

ಇದಕ್ಕಿಂತ ಬಿರುಸಾದ ಆಕ್ಷೇಪ, ನಾವೇನು ಪ್ರಯೋಗದ ಇಲಿಗಳೇ ಎಂಬುದು. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ಇತಿಹಾಸ ಮರೆತಿದ್ದಾರೆ. ಖಮ್ಮಂ ಮತ್ತು ವಡೋದರಾದಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆ 2010ರಲ್ಲಿ ನಿಂತುಹೋಯಿತು. ಖಮ್ಮಂನಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಆ ಬಳಿಕ ನಿಯಮಗಳು ಬಿಗಿಯಾದವು. 2019ರ ನಿಯಮಗಳಂತೆ ಔಷಧ ಪ್ರಯೋಗದಿಂದ ತೊಂದರೆಯಾದರೆ ಪರಿಹಾರ ಕೊಡಬೇಕು. ಓದಲು ಬಾರದವರ ಹೆಬ್ಬೆಟ್ಟಿಗೆ ಸಂಶೋಧನೆಗೆ ಸಂಬಂಧಪಡದ ಸಾಕ್ಷಿ ಇರಬೇಕು. ಔಷಧ ಪ್ರಯೋಗವೇ ಬೇರೆ, ಶ್ರೀನಿವಾಸಪುರದಲ್ಲಿ ನಡೆಯುತ್ತಿರುವಂಥ ಗಮನಿಸುವ ಅಧ್ಯಯನವೇ ಬೇರೆ ಎಂಬುದನ್ನೂ ಬಿಡಿಸಿ ಹೇಳಬೇಕು. ಅನುಮಾನಪಡುವವರು ಕೇಳುವಷ್ಟೂ ಪ್ರಶ್ನೆಗಳಿಗೆ ಉತ್ತರ ಕೊಡಲಾಗದ ಸಂಶೋಧಕ ಆ ಊರಿಗೆ ಬರದಿರುವುದೇ ಲೇಸು.

ಮರೆವು ಬಂದವರು ಒಪ್ಪಿಗೆ ಕೊಡುವುದು ಹೇಗೆ? ಕುಟುಂಬದವರು ಅವರ ಪರವಾಗಿ ಒಪ್ಪಬಹುದು, ಆದರೆ ಅವರು ಕೈ ಹಿಂದಕ್ಕೆಳೆದರೆ ಅದಕ್ಕೆ ಬೆಲೆ ಕೊಡಲೇಬೇಕು. ಬುದ್ಧಿ ಚೆನ್ನಾಗಿರುವಾಗಲೇ ಸೇರಿಕೊಂಡು ಮುಂದೇನಾಗಬೇಕೆಂದು ಹೇಳಿಟ್ಟಿದ್ದರೆ ಈ ಇಕ್ಕಟ್ಟು ಅಷ್ಟರಮಟ್ಟಿಗೆ ಸಡಿಲ. ರೋಗಿಯ ಬಗ್ಗೆ ಮನೆಯವರನ್ನೂ ಕೇಳುವುದು ಈ ಅಧ್ಯಯನಗಳ ಕ್ರಮ, ನಮ್ಮಲ್ಲಿ ಆ ‘ಮನೆಯವರು’ ಸಾಮಾನ್ಯವಾಗಿ ಸೊಸೆ. ಅತ್ತೆಯ ಎದುರು, ಗಂಡನ ಎದುರು ಆಕೆ ನಿಜ ಹೇಳುವುದುಂಟೇ? ಆಕೆಗೆ ಬೇರೆಯಾಗಿ ಕೂತು ಮಾತಾಡಲು ಜಾಗ ಬೇಕು, ಆ ದಿನದ ಕೂಲಿಯೂ ಸಿಗಬೇಕು. ಎಲ್ಲಕ್ಕಿಂತ ಕಷ್ಟದ ಕೋರಿಕೆ ಮಿದುಳಿನ ದಾನ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ಸಾವಾದ ಕೆಲವೇ ಗಂಟೆಗಳಲ್ಲಿ ಮನೆಯವರು ಒಪ್ಪಬೇಕು. ದೇಹಕ್ಕೆ ಕತ್ತರಿ ಹಾಕಲು ನಮ್ಮ ಜನ ಬಿಡರು ಎನ್ನುವವರು 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ನಡೆದ ನೇತ್ರದಾನವನ್ನೂ, ಆಮೇಲೆ ಹೆಸರು ಬರೆಸಲು ಮುಗಿಬಿದ್ದ ಜನರನ್ನೂ ನೆನೆಯಲಿ. ಕಣ್ಣಿನ ವಿಚಾರದಲ್ಲಿ ದಾನದಿಂದ ಯಾರಿಗೆ ಏನು ಸಿಕ್ಕಿತೆಂದು ಜನ ಕಣ್ಣಾರೆ ಕಂಡಿದ್ದರು. ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಮಿದುಳಿನ ದಾನಕ್ಕೆ ಹಾಗೆ ಎದುರಿಗೆ ನಿಲ್ಲಿಸಿ ತೋರಿಸುವ ಫಲಾನುಭವಿ ಇಲ್ಲ. ಆದ್ದರಿಂದ ಸಂಶೋಧಕರ ಮೇಲಿನ ಹೊಣೆ ಇನ್ನೂ ದೊಡ್ಡದು: ಯಾವ ಊರಿನಿಂದ ರಕ್ತ, ಉತ್ತರ, ಮಿದುಳು ಪಡೆದರೋ ಆ ಊರಿನ ಗ್ರಾಮಸಭೆಗೆ ವರ್ಷಕ್ಕೊಮ್ಮೆಯಾದರೂ ಬಂದು, ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಕನ್ನಡದಲ್ಲಿ ಲೆಕ್ಕ ಒಪ್ಪಿಸುವುದು.